ಹಲ್ಲು ಕೂರಿಸುವ ಮುನ್ನ ದವಡೆಯ ಮೂಳೆ ಕಟ್ಟಿಸಿಕೊಂಡ ಅನುಭವ

ನನ್ನ ಕೆಳದವಡೆಯ ಬಲಬದಿಯಲ್ಲಿ, ಹಿಂದಿನ ಎರಡು ದವಡೆ ಹಲ್ಲುಗಳಿದ್ದ ಜಾಗದಲ್ಲಿ, ಉಳಿದಿದ್ದ ಮೂಳೆಯ ಅಗಲ 3.5 ಮಿಲಿಮೀಟರ್. ಅಲ್ಲಿ ಕೂರಿಸಬೇಕೆಂದಿದ್ದ ಇಂಪ್ಲಾಂಟಿನ, ಎಂದರೆ ಹಲ್ಲಿನ ಬೇರಿನ ಬದಲು ಮೂಳೆಯೊಳಗೆ ಬಿಗಿಯುವ ಟೈಟಾನಿಯಂ ತಿರುಪಿನ, ವ್ಯಾಸವೇ ಸುಮಾರು 4 ಮಿಲಿಮೀಟರ್. ಅದರ ಕೆನ್ನೆಯ ಬದಿಗೂ ನಾಲಿಗೆಯ ಬದಿಗೂ ಒಂದೂವರೆ ಮಿಲಿಮೀಟರಿನಷ್ಟಾದರೂ ಮೂಳೆ ಇದ್ದರೆ ಮಾತ್ರ ಅದು ಬಹುಕಾಲ ನಿಲ್ಲುತ್ತದೆ. ಕೊಡಗಿನ ವಿರಾಜಪೇಟೆಯಲ್ಲಿ ನನಗೆ ಚಿಕಿತ್ಸೆ ಕೊಟ್ಟ ವಸಡಿನ ತಜ್ಞೆ ಸ್ಕ್ಯಾನಿನ ಚಿತ್ರವನ್ನು ಪರದೆಯ ಮೇಲೆ ಹಾಕಿ, ಚಾಕುವಿನ ಅಂಚಿನಷ್ಟು ತೆಳುವಾಗಿದ್ದ ಆ ಏಣನ್ನು ತೋರಿಸಿ, "ಟೀಚರೇ, ಇಂಪ್ಲಾಂಟ್ ಕೂರಿಸುವುದು ಒಂದು ಗಂಟೆಯ ಕೆಲಸ. ಆದರೆ ಅದನ್ನು ಹಿಡಿದುಕೊಳ್ಳಲು ಇಲ್ಲಿ ಏನೂ ಉಳಿದಿಲ್ಲವಲ್ಲ" ಎಂದರು. ಮೇಲ್ದವಡೆಯ ಎಡಬದಿಯಲ್ಲಿ ಒಂದು ಹಲ್ಲಿಲ್ಲದ ಜಾಗವಿತ್ತು. ಅಲ್ಲಿಯ ಸ್ಥಿತಿ ಇನ್ನೊಂದು ಬಗೆಯದು. ಅಲ್ಲಿ ಅಗಲ ಸಾಕಷ್ಟಿತ್ತು, ಎತ್ತರ ಮಾತ್ರ 3 ಮಿಲಿಮೀಟರ್. ಅದರ ಮೇಲೆ ಗಾಳಿ ತುಂಬಿದ ಸೈನಸ್ ಕುಹರ.

ನಾನು ನಾಪೋಕ್ಲು ಬಳಿಯ ಹಳ್ಳಿಯವಳು, ಪ್ರೌಢಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಹಲ್ಲು ಕಟ್ಟಿಸಿಕೊಳ್ಳುವ ವಿಷಯ ಬಂದಾಗ ನಮ್ಮ ಕಡೆ ಎಲ್ಲರೂ ಕೇಳುವುದು ಎರಡೇ ಪ್ರಶ್ನೆ: ಒಂದು ಹಲ್ಲಿಗೆ ಎಷ್ಟು ಖರ್ಚು, ಎಷ್ಟು ದಿನದಲ್ಲಿ ಮುಗಿಯುತ್ತದೆ? ಆ ಎರಡು ಪ್ರಶ್ನೆಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ ಎಂಬುದು ಒಂದು ವರ್ಷದ ಮೇಲಾದ ಈ ಚಿಕಿತ್ಸೆಯಲ್ಲಿ ನನಗೆ ಮನದಟ್ಟಾಗಿದೆ. ಇಂಪ್ಲಾಂಟ್ ಎಂಬುದು ಈ ಚಿಕಿತ್ಸೆಯ ಚಿಕ್ಕ ಭಾಗ. ಕಳೆದುಹೋದ ಮೂಳೆಯನ್ನೂ ವಸಡನ್ನೂ ಮರಳಿ ಪಡೆಯುವುದೇ ನಿಜವಾದ ಚಿಕಿತ್ಸೆ.

ಮೂಳೆ ಎಲ್ಲಿಗೆ ಹೋಯಿತು ಎಂದು ನಾನು ಕೇಳಿದೆ. ಹಲ್ಲಿನ ಬೇರನ್ನು ಹಿಡಿದಿರುವ ದವಡೆಯ ಅಂಚಿನ ಮೂಳೆ ಹಲ್ಲಿಗಾಗಿಯೇ ಇರುವಂಥದ್ದು; ಹಲ್ಲು ಮತ್ತು ಮೂಳೆಯ ನಡುವಿನ ತೆಳುವಾದ ನಾರಿನ ಪದರದ ಮೂಲಕ ಅದಕ್ಕೆ ರಕ್ತವೂ ಸಿಗುತ್ತದೆ, ಅಗಿಯುವಾಗಿನ ಒತ್ತಡವೂ ತಲುಪುತ್ತದೆ. ಹಲ್ಲು ಕಿತ್ತ ಕೂಡಲೇ ಎರಡೂ ನಿಂತುಹೋಗುತ್ತವೆ. ಕೆನ್ನೆಯ ಬದಿಯ ಗೋಡೆ ತೀರ ತೆಳುವಾದ್ದರಿಂದ ಅದು ಮೊದಲು ಕರಗುತ್ತದೆ. ಹಲ್ಲು ಕಿತ್ತ ಒಂದು ವರ್ಷದೊಳಗೆ ಆ ಜಾಗದ ಅಗಲ ಸುಮಾರು ಅರ್ಧಕ್ಕೆ ಇಳಿಯಬಹುದು, ಆ ನಷ್ಟದ ಮೂರರಲ್ಲಿ ಎರಡು ಪಾಲು ಮೊದಲ 3 ತಿಂಗಳಲ್ಲೇ ಆಗಿಬಿಡುತ್ತದೆ. ನನ್ನ ಕೆಳಗಿನ ಹಲ್ಲುಗಳು ಹೋಗಿ ಹಲವು ವರ್ಷಗಳಾಗಿದ್ದವು. ಮೇಲ್ದವಡೆಯಲ್ಲಿ ಅಂಚಿನ ಮೂಳೆ ಕೆಳಗಿನಿಂದ ಕರಗುವುದರ ಜೊತೆಗೆ ಮೇಲಿನ ಸೈನಸ್ ಕುಹರವೂ ಹಲ್ಲಿಲ್ಲದ ಜಾಗಕ್ಕೆ ಕೆಳಗಿಳಿಯುತ್ತದೆ. ಹೀಗಾಗಿ ಅಲ್ಲಿ ಎರಡು ಕಡೆಯಿಂದಲೂ ನಷ್ಟ. ಹಲ್ಲು ಕೀಳುವ ದಿನವೇ ಆ ಗುಳಿಯನ್ನು ಮೂಳೆಯ ಹರಳುಗಳಿಂದ ತುಂಬಿ ಮುಚ್ಚಿದರೆ ಈ ಕುಗ್ಗುವಿಕೆಯನ್ನು ಪೂರ್ತಿ ತಡೆಯಲಾಗದಿದ್ದರೂ ಬಹಳ ಮಟ್ಟಿಗೆ ಕಡಿಮೆ ಮಾಡಬಹುದು. ಹಲ್ಲು ಕೀಳಿಸಲು ಹೊರಟಿರುವ ಯಾರಾದರೂ ಇದನ್ನು ಓದುತ್ತಿದ್ದರೆ, ಈ ಒಂದು ವಿಷಯವನ್ನು ಮೊದಲೇ ವೈದ್ಯರಲ್ಲಿ ವಿಚಾರಿಸಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಬೇರೆ ದಾರಿಗಳನ್ನೂ ವೈದ್ಯೆ ಬಿಡಿಸಿ ಹೇಳಿದರು. ಅಕ್ಕಪಕ್ಕದ ಹಲ್ಲುಗಳ ಆಧಾರದಲ್ಲಿ ಕಟ್ಟುವ ಸೇತುವೆ ಹಲ್ಲು ಕೆಳಗೆ ಸಾಧ್ಯವಿರಲಿಲ್ಲ, ಏಕೆಂದರೆ ಹಿಂದೆ ಆಧಾರಕ್ಕೆ ಹಲ್ಲೇ ಇರಲಿಲ್ಲ. ತೆಗೆದು ಹಾಕುವ ಸೆಟ್ಟನ್ನು ಕೆಲವು ಕಾಲ ಬಳಸಿದ್ದೆ; ಅದು ವಸಡಿನ ಮೇಲೆ ಕೂತು ಒತ್ತುವುದರಿಂದ ಕೆಳಗಿನ ಮೂಳೆ ಇನ್ನಷ್ಟು ಸವೆಯುತ್ತದೆ ಎಂದು ಆಗಲೇ ತಿಳಿಯಿತು. ಮೇಲಿನ ಹಲ್ಲಿಗೆ ಸೇತುವೆ ಮಾಡಬಹುದಿತ್ತು, ಆದರೆ ಅದಕ್ಕಾಗಿ ಎರಡು ಗಟ್ಟಿಮುಟ್ಟಾದ ಹಲ್ಲುಗಳನ್ನು ಅರೆಯಬೇಕಾಗಿತ್ತು. ನಾನು ಮೂಳೆ ಕಟ್ಟಿಸಿಕೊಳ್ಳುವ ದಾರಿಯನ್ನೇ ಆರಿಸಿಕೊಂಡೆ.

ಶಸ್ತ್ರಚಿಕಿತ್ಸೆಗೆ ಮೊದಲಿನ ವಿಚಾರಣೆ ಬಹಳ ವಿವರವಾಗಿತ್ತು. ಮೂಳೆ ಸವೆತಕ್ಕೆಂದು ವಾರಕ್ಕೊಮ್ಮೆ ತೆಗೆದುಕೊಳ್ಳುವ ಮಾತ್ರೆ ಇದೆಯೇ, ರಕ್ತ ತೆಳುಗೊಳಿಸುವ ಮಾತ್ರೆ ಇದೆಯೇ, ಎಲೆಅಡಿಕೆ, ಹೊಗೆಸೊಪ್ಪು, ಬೀಡಿ ಉಂಟೇ ಎಂದು ಕೇಳಿದರು. ಮೂಳೆ ಸವೆತದ ಆ ಮಾತ್ರೆಗಳಲ್ಲಿ ಕೆಲವನ್ನು ತೆಗೆದುಕೊಳ್ಳುವವರಲ್ಲಿ, ದವಡೆಗೆ ಕೈ ಹಾಕಿದಾಗ ಗಾಯ ಮಾಯದೆ ಮೂಳೆ ಸಾಯುವ ಅಪಾಯ ಅಪರೂಪಕ್ಕೆ ಇರುತ್ತದಂತೆ. ನನಗೆ ಸಕ್ಕರೆ ಕಾಯಿಲೆ ಇರುವುದರಿಂದ ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆ (ಎಚ್‌ಬಿಎ1ಸಿ) ಮಾಡಿಸಿದರು, ಶೇಕಡಾ 7.6 ಬಂದಿತು. ಅದು 7ರ ಆಸುಪಾಸಿಗೆ ಇಳಿಯುವ ತನಕ ಚಾಕು ಮುಟ್ಟುವುದಿಲ್ಲವೆಂದು ಖಂಡಿತವಾಗಿ ಹೇಳಿದರು. ಆ ಖಂಡಿತವಾದ ಮಾತಿನಿಂದಲೇ ನನಗೆ ಅವರ ಮೇಲೆ ವಿಶ್ವಾಸ ಹುಟ್ಟಿತು.

ಕಾಲದ ಆಯ್ಕೆಯೂ ನಮ್ಮ ಜಿಲ್ಲೆಯಲ್ಲಿ ಚಿಕಿತ್ಸೆಯ ಭಾಗವೇ. ಮೂಳೆ ಕಸಿ ಮಾಡಿದ ಮೊದಲ ಕೆಲವು ವಾರ ಗಾಯವನ್ನು ಪದೇ ಪದೇ ನೋಡಬೇಕಾಗುತ್ತದೆ. ಕಕ್ಕಡದ, ಎಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ಮರ ಬಿದ್ದು, ಗುಡ್ಡ ಜರಿದು ರಸ್ತೆ ಮುಚ್ಚಿದರೆ ಆಗ ಹೋಗುವುದಾದರೂ ಹೇಗೆ? 2018ರ ಆಗಸ್ಟ್ ತಿಂಗಳ ಭೂಕುಸಿತಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದ್ದರಿಂದ ಮಳೆಗಾಲವನ್ನು ಸಕ್ಕರೆ ಹತೋಟಿಗೆ ತರುವುದಕ್ಕೆ ಬಿಟ್ಟು, ತುಲಾ ಸಂಕ್ರಮಣ ಕಳೆದ ಮೇಲೆ ಅಕ್ಟೋಬರ್ ಕೊನೆಗೆ ದಿನ ಗೊತ್ತುಮಾಡಿದರು. ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಗಾಯ ಮಾಯ್ದಿರುತ್ತದೆ ಎಂಬುದೂ ಒಂದು ಲೆಕ್ಕಾಚಾರವಾಗಿತ್ತು.

ಕಸಿಗೆ ಬಳಸುವ ವಸ್ತು ಎಲ್ಲಿಂದ ಬರುತ್ತದೆ ಎಂಬುದರ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು. ರೋಗಿಯ ಸ್ವಂತ ಮೂಳೆಯನ್ನೇ ದವಡೆಯ ಬೇರೊಂದು ಕಡೆಯಿಂದ ಕೆರೆದು ತೆಗೆಯಬಹುದು. ಜೀವಕೋಶಗಳಿರುವ ಮೂಳೆ ಅದೊಂದೇ, ಆದರೆ ಸಿಗುವುದು ಕಡಿಮೆ. ಮರಣಾನಂತರ ದಾನವಾಗಿ ಬಂದ ಮೂಳೆಯನ್ನು ಶುದ್ಧಿ ಮಾಡಿ ಬಳಸುವುದುಂಟು. ದನದ ಮೂಳೆಯಿಂದ ಜೈವಿಕ ಅಂಶವನ್ನೆಲ್ಲ ತೆಗೆದು ಖನಿಜವನ್ನು ಮಾತ್ರ ಉಳಿಸಿಕೊಂಡ ಹರಳುಗಳುಂಟು. ಅವು ಬಹಳ ನಿಧಾನವಾಗಿ ಕರಗುವುದರಿಂದ ಕಟ್ಟಿದ ಆಕಾರ ಕುಗ್ಗದೆ ಉಳಿಯುತ್ತದೆ. ಕ್ಯಾಲ್ಸಿಯಂ ಫಾಸ್ಫೇಟಿನಿಂದ ಕಾರ್ಖಾನೆಯಲ್ಲಿ ತಯಾರಿಸಿದ ಹರಳುಗಳೂ ಇವೆ, ಅವುಗಳಲ್ಲಿ ಕೆಲವು ಬೇಗ ಕರಗುತ್ತವೆ. ಹರಳುಗಳ ಮೇಲೆ ಹೊದಿಸುವ, ಕೊಲ್ಲಾಜೆನ್ ಎಂಬ ಪ್ರೋಟೀನಿನ ಪೊರೆಯನ್ನು ಹೆಚ್ಚಾಗಿ ಹಂದಿಯ ಅಥವಾ ದನದ ಅಂಗಾಂಶದಿಂದ ಮಾಡಿರುತ್ತಾರೆ.

ವೈದ್ಯೆ ಇದನ್ನು ಮುಚ್ಚಿಡದೆ, ಯಾವುದು ಒಪ್ಪಿಗೆ ಎಂದು ಕೇಳಿದರು. ನಮ್ಮ ಮನೆಯಲ್ಲಿ ಹಂದಿ ಮಾಂಸ ಹಬ್ಬದ ಊಟ, ದನದ್ದು ಮಾತ್ರ ಕೂಡದು. ಅದೇ ದಿನ ಅಲ್ಲಿಗೆ ಬಂದಿದ್ದ ಎಮ್ಮೆಮಾಡು ಕಡೆಯ ಒಬ್ಬ ತಾಯಿಗೆ ಹಂದಿಯದ್ದು ಆಗುವಂತಿರಲಿಲ್ಲ. ಆಕೆಯ ಮಗ ನನ್ನ ಶಿಷ್ಯನಾಗಿದ್ದವನು. "ಟೀಚರೇ, ಇವರು ಹೇಳದಿದ್ದರೆ ನಮಗೆ ಇದು ಗೊತ್ತೇ ಆಗುತ್ತಿರಲಿಲ್ಲವೋ ಏನೋ" ಎಂದು ಆಕೆ ಹೇಳಿದ್ದು ನ್ಯಾಯವಾದ ಮಾತು. ನನಗೆ ಕಾರ್ಖಾನೆಯ ಹರಳು, ನನ್ನದೇ ಮೂಳೆಯ ಪುಡಿ, ಹಂದಿಯ ಕೊಲ್ಲಾಜೆನ್ ಪೊರೆ ಎಂದು ತೀರ್ಮಾನವಾಯಿತು. ಆಕೆಗೆ ಪ್ರಾಣಿಮೂಲವಲ್ಲದ ಪೊರೆಯನ್ನು ಹಾಕಿ ಆಮೇಲೆ ತೆಗೆಯುವುದೆಂದು ನಿಶ್ಚಯಿಸಿದರು. ಯಾವ ಧರ್ಮದವರಿಗೇ ಆಗಲಿ, ಬಾಯೊಳಗೆ ಇಡುವ ವಸ್ತುವಿನ ಮೂಲವನ್ನು ತಿಳಿದು ಒಪ್ಪುವ ಹಕ್ಕಿದೆ, ಅದನ್ನು ಕೇಳಲು ಸಂಕೋಚ ಪಡಬೇಕಿಲ್ಲ.

ಹರಳು ಯಾವುದೇ ಇರಲಿ, ಅದು ತಾನೇ ಮೂಳೆಯಾಗುವುದಿಲ್ಲ. ಕರಿಮೆಣಸಿನ ಬಳ್ಳಿಗೆ ಆಸರೆ ಮರ ಹೇಗೋ, ಹಾಗೆಯೇ ನಮ್ಮ ಮೂಳೆಯ ಕೋಶಗಳಿಗೆ ಆ ಹರಳು. ರಕ್ತನಾಳಗಳು ಅದರ ಸಂದಿಯಲ್ಲಿ ಹಬ್ಬಿ, ಅವುಗಳ ಹಿಂದೆ ಮೂಳೆ ಬೆಳೆಯಬೇಕು. ಪೊರೆಯ ಕೆಲಸ ಇನ್ನೂ ಮುಖ್ಯವಾದದ್ದು. ವಸಡಿನ ಕೋಶಗಳು ಮೂಳೆಯ ಕೋಶಗಳಿಗಿಂತ ಬಹಳ ಬೇಗ ಬೆಳೆಯುತ್ತವೆ. ತಡೆ ಇಲ್ಲದಿದ್ದರೆ ಮೂಳೆಗಾಗಿ ಬಿಟ್ಟ ಜಾಗವನ್ನೆಲ್ಲ ಅವೇ ತುಂಬಿಬಿಡುತ್ತವೆ. ಪೊರೆ ಅವುಗಳನ್ನು ಹೊರಗೇ ನಿಲ್ಲಿಸಿ, ನಿಧಾನವಾಗಿ ಬೆಳೆಯುವ ಮೂಳೆಗೆ ಸಮಯ ಕೊಡುತ್ತದೆ.

ಶಸ್ತ್ರಚಿಕಿತ್ಸೆಯ ದಿನ ಮೊದಲು ನನ್ನ ತೋಳಿನಿಂದ ರಕ್ತ ತೆಗೆದು ಕೊಳವೆಗಳಲ್ಲಿ ಹಾಕಿ, ಯಂತ್ರದಲ್ಲಿ ವೇಗವಾಗಿ ತಿರುಗಿಸಿದರು. ಹೆಪ್ಪುಗಟ್ಟದಂತೆ ಮಾಡುವ ಔಷಧವನ್ನು ಸೇರಿಸದ ಕಾರಣ ಕೊಳವೆಯ ನಡುವೆ ಹಳದಿ ಬಣ್ಣದ ಮೆತ್ತನೆಯ ಗಡ್ಡೆ ಕಟ್ಟಿತು. ಇದು 2001ರಲ್ಲಿ ಫ್ರಾನ್ಸಿನ ಜೋಸೆಫ್ ಶುಕ್ರೂನ್ ಬಳಕೆಗೆ ತಂದ ವಿಧಾನ; ಗಾಯ ಮಾಯಲು ನೆರವಾಗುವ ರಕ್ತದ ಅಂಶಗಳು ಆ ಗಡ್ಡೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಅರಿವಳಿಕೆ ಕೊಟ್ಟದ್ದು ಆ ಭಾಗಕ್ಕೆ ಮಾತ್ರ, ನಾನು ಪೂರ್ತಿ ಎಚ್ಚರದಲ್ಲೇ ಇದ್ದೆ. ವಸಡನ್ನು ಬಿಡಿಸಿ, ಹಿಂದುಗಡೆ ದವಡೆ ಮೇಲಕ್ಕೆ ತಿರುಗುವ ಕಡೆಯಿಂದ ಮೂಳೆಯ ಸಿಬಿರುಗಳನ್ನು ಕೆರೆದು ತೆಗೆದರು. ನೋವಿರಲಿಲ್ಲ, ಆದರೆ ಕೆರೆಯುವ ಶಬ್ದ ತಲೆಬುರುಡೆಯೊಳಗೇ ಕೇಳುತ್ತಿತ್ತು. ಆಮೇಲೆ ತೆಳುವಾದ ಮೂಳೆಯ ಹೊರಮೈಗೆ ಸಣ್ಣ ಸಣ್ಣ ತೂತುಗಳನ್ನು ಕೊರೆದರು. ಒಳಗಿನ ಮಜ್ಜೆಯಿಂದ ರಕ್ತ ಜಿನುಗಿ ಬಂದರೆ ಮಾತ್ರ ಹರಳುಗಳಿಗೆ ಜೀವ ಸಿಗುತ್ತದೆಯಂತೆ. ಹರಳು, ಮೂಳೆ ಸಿಬಿರು, ರಕ್ತದ ಗಡ್ಡೆ ಮೂರನ್ನೂ ಕಲಸಿ ಅಲ್ಲಿ ಮೆತ್ತಿ, ಪೊರೆ ಹೊದಿಸಿ, ಅದು ಅಲುಗದಂತೆ ಪುಟ್ಟ ಟೈಟಾನಿಯಂ ಮೊಳೆಗಳಿಂದ ಬಿಗಿದರು.

ಕೊನೆಗೆ ವಸಡು ಮುಚ್ಚುವುದೇ ಕಷ್ಟದ ಕೆಲಸವಾಯಿತು. ಒಳಗೆ ಗಾತ್ರ ಹೆಚ್ಚಿದ್ದರಿಂದ ಮೊದಲಿನ ವಸಡು ಸಾಲದು. ವಸಡಿನ ಒಳಮೈಯ ಬಿಗಿಯಾದ ಪದರವನ್ನು ಉದ್ದಕ್ಕೆ ಗೀರಿ, ಕೆನ್ನೆಯ ಕಡೆಯಿಂದ ಅದನ್ನು ಎಳೆದು ತಂದು, ಎಲ್ಲಿಯೂ ಬಿಗಿತವಾಗದಂತೆ ಎರಡು ಸಾಲು ಹೊಲಿಗೆ ಹಾಕಿದರು. ಇದರ ಪರಿಣಾಮವನ್ನು ಮುಂದೆ ಹೇಳುತ್ತೇನೆ.

ಮನೆಗೆ ಬರುವಾಗ ತಮ್ಮ ಕಾರು ಓಡಿಸಿದ. ಮಂಜುಗಡ್ಡೆಯ ಒತ್ತಡ, ತಲೆ ಎತ್ತರಿಸಿ ಮಲಗುವುದು, ಶೇಕಡಾ 0.2 ಪ್ರಮಾಣದ ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಾಣುನಾಶಕ ದ್ರವದಿಂದ ಬಾಯಿ ತೊಳೆಯುವುದು, ಆ ಬದಿಗೆ ಬ್ರಶ್ ಮುಟ್ಟಿಸದಿರುವುದು, ಸ್ಟ್ರಾದಿಂದ ಏನನ್ನೂ ಹೀರದಿರುವುದು ಎಂದೆಲ್ಲ ಸೂಚನೆಗಳಿದ್ದವು. ಕೆನ್ನೆ ಊದಿ, ನೀಲಿ ಕಲೆ ಕುತ್ತಿಗೆಯವರೆಗೆ ಇಳಿಯಿತು. ಆಮೇಲೆ ಹಳದಿಯಾಗಿ ಮಾಸಿತು. ಆರಿದ ಗಂಜಿ, ಹಾಲಿನಲ್ಲಿ ನೆನೆಸಿದ ನೂಪುಟ್ಟು, ಹಿಸುಕಿದ ಬಾಳೆಹಣ್ಣು ನನ್ನ ಆಹಾರ. ತರಿ ಇರುವ ಕಡಂಬುಟ್ಟು ಬೇಡವೆಂದಿದ್ದರು.

ಹೊಲಿಗೆ ತೆಗೆಯುವ ಹೊತ್ತಿಗೆ ಒಂದು ತೊಂದರೆ ಕಾಣಿಸಿತು. ವಸಡು ತೆಳುವಾಗಿದ್ದ ಒಂದು ಕಡೆ ಗಾಯದ ಬಾಯಿ ಕೊಂಚ ತೆರೆದುಕೊಂಡು ಒಳಗಿನ ಪೊರೆ ಬೆಳ್ಳಗೆ ಕಾಣುತ್ತಿತ್ತು. ನಾಲಿಗೆಗೆ ಆಗಾಗ ಮರಳಿನಂಥ ಕಣ ಸಿಕ್ಕಿ ನಾನು ಬಹಳ ಹೆದರಿದೆ. ಅಷ್ಟು ಕಷ್ಟಪಟ್ಟು ಇಟ್ಟ ಮೂಳೆಯೆಲ್ಲ ಹೊರಬರುತ್ತಿದೆ ಎಂದೇ ಭಾವಿಸಿದೆ. ವೈದ್ಯೆ ಅದನ್ನು ಮತ್ತೆ ಹೊಲಿಯಲು ಹೋಗಲಿಲ್ಲ. ಹೀಗೆ ತೆರೆದ ಜಾಗವನ್ನು ಎಳೆದು ಹೊಲಿದರೆ ಇನ್ನೂ ಹರಿಯುತ್ತದೆ, ಕೊಲ್ಲಾಜೆನ್ ಪೊರೆ ತೆರೆದುಕೊಂಡರೂ ಶುಚಿಯಾಗಿಟ್ಟರೆ ಅದರ ಮೇಲೆ ವಸಡು ತಾನಾಗಿ ಹರಡಿಕೊಳ್ಳುತ್ತದೆ ಎಂದು ವಿವರಿಸಿ, ಹಚ್ಚಲು ಜೆಲ್ ಕೊಟ್ಟು, ಕೀವು ಅಥವಾ ದುರ್ವಾಸನೆ ಕಂಡರೆ ಕೂಡಲೇ ಬರುವಂತೆ ಹೇಳಿದರು. ಸುಗ್ಗಿಯ ಹಬ್ಬ ಪುತ್ತರಿ ಬರುವಷ್ಟರಲ್ಲಿ ಆ ಜಾಗ ಮುಚ್ಚಿಕೊಂಡಿತ್ತು. ಮೇಲಿನ ಸ್ವಲ್ಪ ಹರಳು ಹೋಗಿತ್ತು, ಉಳಿದದ್ದು ಭದ್ರವಾಗಿತ್ತು.

ಪುತ್ತರಿ ಕಳೆದ ಮೇಲೆ ಡಿಸೆಂಬರಿನಲ್ಲಿ ಮೇಲ್ದವಡೆಯ ಸೈನಸ್ ಎತ್ತುವ ಚಿಕಿತ್ಸೆ ನಡೆಯಿತು. ಕೆನ್ನೆಯ ಬದಿಯ ಮೂಳೆಯಲ್ಲಿ ಸಣ್ಣ ಕಿಟಕಿ ತೆರೆದು, ಸೈನಸ್ಸಿನ ಒಳಗಿನ ತೆಳುಪೊರೆಯನ್ನು ಹರಿಯದಂತೆ ಮೇಲಕ್ಕೆ ಸರಿಸಿ, ಕೆಳಗಿನ ಜಾಗಕ್ಕೆ ಹರಳು ತುಂಬುತ್ತಾರೆ. ಕೇಳಲು ಭಯವಾಗುವ ಈ ಚಿಕಿತ್ಸೆ ನನಗೆ ಎಲ್ಲಕ್ಕಿಂತ ಸುಲಭವಾಗಿ ಕಳೆಯಿತು. ಮೂಗು ಸೀಟಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು ಎಂಬ ನಿಯಮವನ್ನು ಕೊಯ್ಲಿನ ಕಾಲದ ಧೂಳಿನಲ್ಲಿ ಪಾಲಿಸುವುದಷ್ಟೇ ಕಷ್ಟವಾಗಿತ್ತು. ಕಾಫಿ ಒಣಗಿಸುವ ಕಣದ ಕಡೆಗೆ ಹೋಗುವುದನ್ನೇ ಬಿಟ್ಟೆ.

ಕೆಳಗಿನ ಮೂಳೆಗೆ 6 ತಿಂಗಳು ಕಾಲ ಕೊಟ್ಟು, ಹೂಮಳೆ ಬಿದ್ದು ಕಾಫಿ ಹೂವರಳಿದ ಮೇಲೆ ಏಪ್ರಿಲಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿದರು. ಹಿಂದೆ 3.5 ಇದ್ದಲ್ಲಿ 7 ಮಿಲಿಮೀಟರಿಗೆ ಹತ್ತಿರದ ಅಗಲವಿತ್ತು. ಕೆಳತುಟಿಗೆ ಸಂವೇದನೆ ಕೊಡುವ ನರ ದವಡೆಯೊಳಗಿನ ಒಂದು ಕಾಲುವೆಯಲ್ಲಿ ಸಾಗುತ್ತದೆ. ಅದರಿಂದ 2 ಮಿಲಿಮೀಟರ್ ಅಂತರ ಉಳಿಯುವಂತೆ ಇಂಪ್ಲಾಂಟಿನ ಉದ್ದವನ್ನು ಲೆಕ್ಕ ಹಾಕಿದರು. ಕೊರೆಯುವಾಗ ಹೊಸ ಮೂಳೆಯಿಂದ ರಕ್ತ ಜಿನುಗಿದ್ದನ್ನು ಕಂಡು ವೈದ್ಯೆಯ ಮುಖದಲ್ಲಿ ಮೂಡಿದ ಸಂತೋಷ ಮಾಸ್ಕಿನ ಮೇಲಿನ ಕಣ್ಣುಗಳಲ್ಲೇ ತಿಳಿಯುತ್ತಿತ್ತು. ಹರಳು ಹರಳಾಗಿಯೇ ಉಳಿದಿಲ್ಲ, ಜೀವಂತ ಮೂಳೆಯಾಗಿದೆ ಎಂಬುದಕ್ಕೆ ಆ ರಕ್ತವೇ ಗುರುತು. ಎರಡು ಇಂಪ್ಲಾಂಟುಗಳೂ ಬಿಗಿಯಾಗಿ ಕೂತವು. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಪೆರ್ ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೇಲಿನ ಸಂಶೋಧನೆಯಲ್ಲಿ ಕಂಡುಕೊಂಡರು. 1965ರಲ್ಲಿ ಅವರಿಂದ ಇಂಪ್ಲಾಂಟ್ ಹಾಕಿಸಿಕೊಂಡ ಮೊದಲ ರೋಗಿಗೆ ಆ ಇಂಪ್ಲಾಂಟುಗಳು ಜೀವನದ ಕೊನೆಯವರೆಗೆ, ನಾಲ್ಕು ದಶಕ ಕಾಲ, ಉಳಿದಿದ್ದವು. ಈ ಬೆಸುಗೆಗೆಂದೇ ಮತ್ತೆ ಕೆಲವು ತಿಂಗಳು ಕಾಯಬೇಕಿತ್ತು.

ಈಗ ವಸಡಿನ ವಿಷಯ. ಮೂಳೆಯನ್ನು ಮುಚ್ಚಲು ಕೆನ್ನೆಯ ಕಡೆಯಿಂದ ವಸಡನ್ನು ಎಳೆದಿದ್ದರೆಂದು ಹೇಳಿದೆನಲ್ಲ, ಅದರಿಂದ ಹಲ್ಲಿನ ಸುತ್ತ ಇರಬೇಕಾದ ಗಟ್ಟಿಯಾದ, ಅಲುಗದ ವಸಡಿನ ಜಾಗಕ್ಕೆ ಕೆನ್ನೆಯೊಳಗಿನ ಸಡಿಲವಾದ ಕೆಂಪು ಚರ್ಮ ಬಂದು ಕೂತಿತ್ತು, ಕೆನ್ನೆ ಮತ್ತು ದವಡೆಯ ನಡುವಿನ ಬ್ರಶ್ ಹೋಗುವ ಸಂದಿಯೂ ಆಳ ಕಳೆದುಕೊಂಡಿತ್ತು. ಮಾತಾಡಿದಾಗಲೆಲ್ಲ ಆ ಚರ್ಮ ಎಳೆಯುತ್ತಿತ್ತು. ಅಂಥ ಕಡೆ ಇಂಪ್ಲಾಂಟ್ ಇದ್ದರೆ ಬ್ರಶ್ ಮಾಡಲು ನೋವಾಗುತ್ತದೆ, ಬ್ರಶ್ ಮಾಡದಿದ್ದರೆ ಕೊಳೆ ಕಟ್ಟಿ ಉರಿಯೂತವಾಗಿ, ಕಟ್ಟಿದ ಮೂಳೆಯೇ ಮತ್ತೆ ಕರಗಬಹುದು. ಇಂಪ್ಲಾಂಟಿನ ಸುತ್ತ 2 ಮಿಲಿಮೀಟರಿನಷ್ಟಾದರೂ ಗಟ್ಟಿ ವಸಡು ಇರುವುದು ಒಳ್ಳೆಯದೆಂದು ಅವರು ಹೇಳಿದ್ದರ ಅರ್ಥ ನನಗೆ ಆಗ ಪೂರ್ತಿಯಾಗಿ ಆಯಿತು.

ಮಳೆ ಹಿಡಿಯುವ ಮುನ್ನ, ಮೇ ತಿಂಗಳಲ್ಲಿ, ನನ್ನ ಅಂಗುಳಿನಿಂದ ಒಂದೂವರೆ ಮಿಲಿಮೀಟರ್ ದಪ್ಪದ ಚರ್ಮದ ಪಟ್ಟಿಯನ್ನು ತೆಗೆದು, ಕೆಳಗೆ ಸಡಿಲ ಚರ್ಮವನ್ನು ಸರಿಸಿ ಹದಗೊಳಿಸಿದ ಜಾಗಕ್ಕೆ ಒಂದಿಷ್ಟೂ ಅಲುಗದಂತೆ ಹೊಲಿದರು. ಹೊಸ ಜಾಗದಲ್ಲಿ ಆ ಪಟ್ಟಿಗೆ ಮೊದಲ ಒಂದೆರಡು ದಿನ ರಕ್ತನಾಳವೇ ಇರುವುದಿಲ್ಲ. ಕೆಳಗಿನಿಂದ ಒಸರುವ ದ್ರವವನ್ನು ಹೀರಿಕೊಂಡೇ ಅದು ಬದುಕಿರುತ್ತದೆ, ಆಮೇಲೆ ನಾಳಗಳು ಒಳಗೆ ಬೆಳೆಯುತ್ತವೆ. ಅಲುಗಿದರೆ ಆ ಎಳೆಯ ನಾಳಗಳು ಕಡಿದುಹೋಗುತ್ತವೆ. ಬೆಳ್ಳಗೆ ನಿರ್ಜೀವವಾಗಿ ಕಾಣುತ್ತಿದ್ದ ಆ ಪಟ್ಟಿ ದಿನ ಕಳೆದಂತೆ ಕೆಂಪೇರಿ, ಕೊನೆಗೆ ತಿಳಿಗುಲಾಬಿ ಬಣ್ಣಕ್ಕೆ ಬಂತು. ಅಳತೆಯಲ್ಲಿ ಸ್ವಲ್ಪ ಕುಗ್ಗುವುದು ಸಹಜವೆಂದೇ ಮೊದಲು ದೊಡ್ಡದಾಗಿ ತೆಗೆದಿದ್ದರು.

ಇಡೀ ಚಿಕಿತ್ಸೆಯಲ್ಲಿ ಅತಿ ಹೆಚ್ಚು ನೋವು ಕೊಟ್ಟದ್ದು ಮೂಳೆಯಲ್ಲ, ಈ ಅಂಗುಳಿನ ಗಾಯ. ಅದನ್ನು ಮುಚ್ಚಲು ಅಕ್ರಿಲಿಕ್ಕಿನ ತೆಳುತಟ್ಟೆಯೊಂದನ್ನು ಮೊದಲೇ ಮಾಡಿಸಿಟ್ಟಿದ್ದರು. ಅದಿಲ್ಲದಿದ್ದರೆ ನೀರು ಕುಡಿಯುವುದೂ ದುಸ್ತರವಾಗುತ್ತಿತ್ತು. ಬಿಸಿ, ಖಾರ, ಕಾಚಂಪುಳಿಯ ಹುಳಿ ಯಾವುದನ್ನೂ ಹತ್ತಿರ ಸೇರಿಸುವಂತಿರಲಿಲ್ಲ. ವಸಡಿನ ಕಸಿ ಮಾಡಿಸಿಕೊಳ್ಳುವವರು ಆ ತಟ್ಟೆಯನ್ನು ಮೊದಲೇ ಕೇಳಿ ಮಾಡಿಸಿಕೊಳ್ಳಬೇಕು.

ಖರ್ಚಿನ ಬಗ್ಗೆ ಹೇಳುವುದಾದರೆ, ಹರಳು, ಪೊರೆ, ಶಸ್ತ್ರಚಿಕಿತ್ಸೆಗಳ ಮೊತ್ತ ಇಂಪ್ಲಾಂಟುಗಳ ಮೊತ್ತವನ್ನು ಮೀರಿತು. ಅಪಘಾತದಲ್ಲಾದ ಗಾಯವನ್ನು ಬಿಟ್ಟರೆ ಸಾಮಾನ್ಯವಾಗಿ ಆರೋಗ್ಯ ವಿಮೆ ಇದಕ್ಕೆ ಹಣ ಕೊಡುವುದಿಲ್ಲ. ಹಂತ ಹಂತವಾಗಿ ಎಷ್ಟೆಂದು ಮೊದಲೇ ಬರೆಸಿಕೊಂಡಿದ್ದರಿಂದ ಪಿಂಚಣಿಯಲ್ಲಿ ಹೊಂದಿಸಲು ಸಾಧ್ಯವಾಯಿತು. ವಿರಾಜಪೇಟೆ ಬಳಿಯ ಮಗ್ಗುಲದಲ್ಲಿ ದಂತ ವೈದ್ಯಕೀಯ ಕಾಲೇಜು ಇದೆ. ಇಂಥ ತಜ್ಞರು ಮೈಸೂರು ಮಂಗಳೂರುಗಳಲ್ಲಿ ಮಾತ್ರ ಸಿಗುತ್ತಾರೆಂದು ನಮ್ಮ ಜಿಲ್ಲೆಯವರು ತಿಳಿಯಬೇಕಾಗಿಲ್ಲ.

ಆಗಸ್ಟಿನಲ್ಲಿ, ಮಳೆ ಹೊಳವಾದ ಒಂದು ದಿನ ನೋಡಿಕೊಂಡು, ಕೆಳಗಿನ ಇಂಪ್ಲಾಂಟುಗಳ ಮೇಲಿನ ವಸಡನ್ನು ತೆರೆದು ಬೆಸುಗೆಯ ಬಿಗಿತವನ್ನು ಉಪಕರಣದಿಂದ ಅಳೆದರು, ತೃಪ್ತಿಕರವಾಗಿತ್ತು. ಅದೇ ದಿನ ಮೇಲ್ದವಡೆಯ ಇಂಪ್ಲಾಂಟನ್ನೂ ಕೂರಿಸಿದರು. ಹಿಂದೆ 3 ಮಿಲಿಮೀಟರ್ ಇದ್ದ ಎತ್ತರ ಈಗ ಅದಕ್ಕೆ ಧಾರಾಳವಾಗಿ ಸಾಕಾಗಿತ್ತು. ಕೆಳಗಿನ ಹಲ್ಲುಗಳನ್ನು ಅಳತೆ ತೆಗೆದು ಕಟ್ಟಿಸಿ ತಿರುಪಿನಿಂದ ಬಿಗಿದದ್ದು ಸೆಪ್ಟೆಂಬರಿನ ಕೈಲ್‌ಪೊಳ್ದು ಹಬ್ಬ ಕಳೆದ ಮೇಲೆ. ಅವುಗಳ ನಡುವೆ ಸಣ್ಣ ಬ್ರಶ್ ತೂರಿಸಿ ಶುಚಿ ಮಾಡುವುದನ್ನು ವೈದ್ಯೆ ಕನ್ನಡಿ ಹಿಡಿಸಿ ಕಲಿಸಿದರು. ಕಸಿ ಮಾಡಿದ ವಸಡು ಈಗ ಬ್ರಶ್ಶಿಗೆ ಅಲುಗುವುದಿಲ್ಲ, ನೋಯುವುದೂ ಇಲ್ಲ. ಹಲ್ಲು ಕೂರಿಸಿದ ದಿನದ ಎಕ್ಸ್‌ರೇಯನ್ನು ಕಡತದಲ್ಲಿಟ್ಟಿದ್ದಾರೆ. ಮುಂದೆ ಪ್ರತಿ ವರ್ಷ ತೆಗೆಯುವ ಚಿತ್ರವನ್ನು ಅದರೊಂದಿಗೆ ಹೋಲಿಸಿ, ಇಂಪ್ಲಾಂಟಿನ ಕತ್ತಿನ ಬಳಿ ಮೂಳೆ ಎಷ್ಟು ಇಳಿದಿದೆ ಎಂದು ನೋಡುತ್ತಾರೆ. ಮೇಲಿನ ಇಂಪ್ಲಾಂಟಿಗೆ ಇನ್ನೂ ಹಲ್ಲು ಕಟ್ಟಿಲ್ಲ. ಕಸಿ ಮೂಳೆಯಲ್ಲಿ ಬೆಸುಗೆ ಪೂರ್ತಿಯಾಗಲು ಬಿಟ್ಟು, ಈ ವರ್ಷದ ಕೊಯ್ಲು ಮುಗಿದ ಮೇಲೆ ಅದರ ಅಳತೆ ತೆಗೆಯುವುದೆಂದು ಗೊತ್ತುಮಾಡಿದ್ದೇವೆ.